ಸೋತವರೆಲ್ಲರ ಪಿನ್ನು

ದಿನಕರ್ಮ ಮುಗಿದು, ಕಡೆಯ ಬೀಗರೂ ಗೋಕಾಕದ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ಆರೂವರೆಗೆ ನಳ ಬಂತು. ಹದಿಮೂರು ದಿನ ಓಣಿಯ ಹೆಂಗಸರೇ ನೀರು ತುಂಬಿಕೊಟ್ಟಿದ್ದರು. ಅಂದು ಯಾರೂ ಬರಲಿಲ್ಲ. ಕಾಜಲ್ ತಾನೇ ಕೊಡ ಇಟ್ಟಳು. ಕೊಡ ತುಂಬಿತು. ಇನ್ನೊಂದು ಇಟ್ಟಳು. ಅದೂ ತುಂಬಿತು. ಗಂಡ ಸತ್ತ ಮನೆಗೆ ನೀರು ತುಸು ಸಣ್ಣಗೆ ಬರಬಹುದು ಎಂದು ಅವಳು ಯಾಕೋ ಅಂದುಕೊಂಡಿದ್ದಳು. ಹಾಗೇನೂ ಇರಲಿಲ್ಲ. ಎಂದಿನ ಧಾರೆಯೇ ಇತ್ತು.

ಮೈದುನ ಪರಶುರಾಮ ಒಳಗಿನಿಂದ ಬಂದು ತಲೆ ಕೆರೆಯುತ್ತ ನಿಂತ.

"ವೈನಿ, ಸಿಟ್ಟಾಗಬ್ಯಾಡ್ರಿ. ಪಿನ್ನು ಎಲ್ಲೈತ್ರಿ?"

ಹದಿಮೂರು ದಿನದಲ್ಲಿ ಅವಳನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಉಳಿದವರೆಲ್ಲ ಉಂಡಿಯಾ, ಮಲಗಿದಿಯಾ, ಅತ್ತಿಯಾ ಎಂದು ಕೇಳಿದ್ದರು. ಮೂರನೆಯದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ. ಇದಕ್ಕಿತ್ತು.

"ಟ್ರಂಕಿನ್ಯಾಗ ಐತಿ. ನನ್ನ ಶಾಲಿನ್ಯಾಗ ಸುತ್ತಿಟ್ಟಾರ."

ಪಿನ್ನು ಎಂದರೆ ಟ್ರ್ಯಾಕ್ಟರಿನ ಹಿಂದಿನ ಹುಕ್ಕಿಗೂ ಟ್ರೇಲರಿನ ಮೂತಿಗೂ ಗಂಟು ಹಾಕುವ ಕಬ್ಬಿಣದ ಗೂಟ. ಎಲ್ಲರ ಪಿನ್ನೂ ಹೆಬ್ಬೆರಳಿಗಿಂತ ತುಸು ದಪ್ಪ. ಇದು ಲಟ್ಟಣಿಗೆಯಷ್ಟು ದಪ್ಪ, ಲೇಥಿನಲ್ಲಿ ಕಡೆದು ನುಣುಪು ಮಾಡಿದ್ದು, ಮೂರು ಕಿಲೋ ತೂಕ. ಕಬ್ಬು ಹೇರುವುದಕ್ಕೆ ಸಾದಾ ಪಿನ್ನು ಸಾಕು. ರಿವರ್ಸ್ ಶರ್ಯತ್ತಿನ ಪಂದ್ಯಕ್ಕೆ ಸಾಲದು. ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಓಡಿಸುವಾಗ ಪಿನ್ನು ತೂತಿನಲ್ಲಿ ಕೂದಲೆಳೆಯಷ್ಟು ಅಲುಗಿದರೂ ಟ್ರೇಲರಿನ ಬಾಲ ಮೊಳ ಸರಿಯುತ್ತದೆ. ಅವಳ ಗಂಡ ಶಿವಪುತ್ರ ಈ ದಪ್ಪ ಪಿನ್ನಿಗೆ ಸರಿಹೊಂದುವಂತೆ ತನ್ನ ಹುಕ್ಕಿನ ತೂತನ್ನು ಕೊರೆಸಿ ಅಗಲ ಮಾಡಿಸಿದ್ದ. ಆಮೇಲೆ ಮೂರು ವರ್ಷ ಅವನನ್ನು ಯಾರೂ ಸೋಲಿಸಲಿಲ್ಲ. ಪ್ರತಿ ಶರ್ಯತ್ತು ಮುಗಿದ ಮೇಲೆ ಪಿನ್ನು ಕಿತ್ತು, ಎಣ್ಣೆ ಒರೆಸಿ, ಕಾಜಲ್‌ಳ ಘಟಿಕೋತ್ಸವದ ಶಾಲಿನಲ್ಲಿ ಸುತ್ತಿಡುತ್ತಿದ್ದ. "ಎಂ.ಎಸ್ಸಿ. ಶಾಲು. ತುಕ್ಕು ಹತ್ತಂಗಿಲ್ಲ" ಎನ್ನುತ್ತಿದ್ದ. ಸಸ್ಯಶಾಸ್ತ್ರದಲ್ಲಿ ಅವಳು ಓದಿದ್ದರಿಂದ ಆ ಮನೆಗೆ ಆವರೆಗೆ ಆಗಿದ್ದ ಉಪಯೋಗ ಅದೊಂದೇ.

"ಪಿನ್ನು ಯಾಕ ಬೇಕು?"

"ರವಿವಾರ ಮೂಡಲಗ್ಯಾಗ ಶರ್ಯತ್ತು ಐತ್ರಿ. ಅಣ್ಣನ ಹೆಸರು ಚೀಟ್ಯಾಗ ಬಂದೈತಿ."

"ತಗಸಬೇಕಿಲ್ಲ?"

"ಕಮಿಟಿ ಸದಾಶಿವ ಮಾಸ್ತರಿಗೆ ಫೋನ್ ಹಚ್ಚಿದ್ದೆ. ಚೀಟಿ ಎತ್ತಿದ ಮ್ಯಾಲ ಹೆಸರು ತಗ್ಯಾಕ ಬರಂಗಿಲ್ಲ ಅಂದ್ರು. ಡ್ರೈವರ್ ಬದ್ಲಿ ಕೊಡಾಕ ಬರತೈತಂತ. ಸತ್ರ ಏನ ಮಾಡಬೇಕು ಅನ್ನೂದು ರೂಲಿನ್ಯಾಗ ಬರದಿಲ್ಲಂತ. ಮುಂದಿನ ವರ್ಷ ಬರಸ್ತೀನಿ ಅಂದಾರ."

ಕಾಜಲ್ ನಳ ಬಂದ್ ಮಾಡಿದಳು.

"ಒಯ್ಯಿ. ಆದ್ರ ಅದು ಇಸಗೊಂಡು ತಂದದ್ದು, ಪರಶು. ಯಾರದೋ ಐತಿ."

ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಶಿವಪುತ್ರ ಕಬ್ಬಿನ ಹೊಲದಿಂದ ಎದೆ ಹಿಡಿದುಕೊಂಡು ಬಂದು, ಗೋಕಾಕದ ದವಾಖಾನೆಯಲ್ಲಿ ಎರಡು ತಾಸು ಇದ್ದ. ಕೊನೆಗೆ ಅವಳ ಕೈ ಹಿಡಿದು, "ಆ ಪಿನ್ನು ಇಸಗೊಂಡು ತಂದದ್ದು. ಕೊಟ್ಟ ಬಿಡು" ಅಂದ. "ಯಾರಿಗೆ?" ಎಂದು ಅವಳು ಕೇಳುವಷ್ಟರಲ್ಲಿ ನರ್ಸು ಬಂದು ಅವನ ಬಾಯಿಗೆ ಮಾಸ್ಕು ಹಾಕಿದಳು. ಮಾಸ್ಕು ತೆಗೆಯುವ ಹೊತ್ತಿಗೆ ಹೇಳುವವನು ಇರಲಿಲ್ಲ. ನಾಲ್ಕು ವರ್ಷದ ಸಂಸಾರದ ಕಡೆಯ ಮಾತು ಒಂದು ಕಬ್ಬಿಣದ ಗೂಟದ ಮೇಲೆ ಖರ್ಚಾಗಿತ್ತು. ಏನಂದ ಏನಂದ ಎಂದು ಜನ ಕೇಳಿದಾಗ ಅವಳು ಸಂಕೋಚಪಟ್ಟು, "ಶಿವ ಶಿವ ಅಂದ್ರು" ಎಂದಿದ್ದಳು. ಅತ್ತೆ ತಾಯವ್ವ ಅದನ್ನು ಮಾತಾಡಿಸಲು ಬಂದವರಿಗೆಲ್ಲ ಹೇಳಿದ್ದಳು. ಮೂರನೆಯ ದಿನದ ಹೊತ್ತಿಗೆ ಶಿವಪುತ್ರ ಕೈ ಮುಗಿದಿದ್ದ. ಐದನೆಯ ದಿನಕ್ಕೆ ಎದ್ದು ಕೂತಿದ್ದ. ಹನ್ನೊಂದನೆಯ ದಿನಕ್ಕೆ ಡಾಕ್ಟರನ ಹಣೆಗೂ ವಿಭೂತಿ ಹಚ್ಚಿದ್ದ.

ತಾಯವ್ವ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡು ಹೊಸ್ತಿಲ ಮೇಲೆ ಕೂತಳು.

"ಶಿವ ಶಿವ ಅನ್ನಲೇ ಇಲ್ಲ?"

"ಇಲ್ರಿ ಅತ್ತಿ."

"ಪಿನ್ನು ಅಂದ."

"ಹೌದ್ರಿ."

ತಾಯವ್ವ ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯ ಕಡೆ ನೋಡಿದಳು. ಆಮೇಲೆ ಅಂದಳು: "ಹಂಗಂದ್ರ ಅವನ ಜೀವ ಆ ಪಿನ್ನಿಗೇ ಜೋತು ಬಿದ್ದೈತಿ. ಮಂದಿ ಸಾಮಾನು ಮನ್ಯಾಗ ಇಟ್ಟು ಹ್ವಾದಾವ ನೆಟ್ಟಗ ಮ್ಯಾಲ ಹೋಗಂಗಿಲ್ಲ. ಮೂಡಲಗಿಗೆ ನೀನೂ ಹೋಗು. ಡ್ರೈವರ್ ಮಂದಿ ಎಲ್ಲಾ ಅಲ್ಲೇ ಇರ್ತಾರ. ಯಾರದು ಕೇಳಿ ಕೊಟ್ಟ ಬಾ."

"ಜನ ಏನಂತಾರ್ರಿ? ಇನ್ನೂ ಹದಿನೈದು ದಿನ ಆಗಿಲ್ಲ."

"ಅನ್ನಲಿ. ನಾನೂ ಬರ್ತೀನಿ. ಇಬ್ಬರಿಗೂ ಕೂಡೇ ಅನ್ನಲಿ."

ರವಿವಾರ ಮೂಡಲಗಿಯ ಹೊರಗೆ, ಕಬ್ಬು ಕಡಿದು ಹಸನು ಮಾಡಿದ ಹೊಲದ ಬಾಯಿಯಲ್ಲಿ ಶಿವಪುತ್ರ ನಿಂತಿದ್ದ. ಹತ್ತಡಿ ಎತ್ತರ, ಕಪ್ಪು ಕನ್ನಡಕ, ಕೆಳಗೆ 'ಕಳೆದ ಸಾಲಿನ ವೀರ, ಸುಸ್ವಾಗತ ಕೋರುತ್ತಾರೆ'. ಊರ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿದ್ದ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲೂ ಇದೇ ಫೋಟೋ ಇತ್ತು. ಫ್ಲೆಕ್ಸಿನವನು ಹಿಂದಿನ ಬಣ್ಣ ಮಾತ್ರ ಬದಲಿಸಿದ್ದ. ತಾಯವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಇದರಾಗ ಚಲೋ ಬಂದಾನ" ಎಂದಳು.

ಹೊಲದಲ್ಲಿ ಸುಣ್ಣದ ಪುಡಿಯಿಂದ ಎರಡು ಓಣಿ ಬರೆದಿದ್ದರು, ಒಂದಕ್ಕೊಂದು ಬಾಜೂ. ಉದ್ದ ಮುನ್ನೂರು ಅಡಿ, ಅಗಲ ಟ್ರೇಲರಿಗಿಂತ ಎರಡೇ ಗೇಣು ಹೆಚ್ಚು. ಒಂದೊಂದು ಸಲಕ್ಕೆ ಎರಡು ಟ್ರ್ಯಾಕ್ಟರ್. ಬಾವುಟ ಬಿದ್ದೊಡನೆ ಹಿಂದಕ್ಕೆ ಓಡಿಸಬೇಕು. ಯಾರ ಟ್ರೇಲರಿನ ಬಾಲ ಮೊದಲು ಗೆರೆ ದಾಟುತ್ತದೋ ಅವನು ಮುಂದಿನ ಸುತ್ತಿಗೆ, ಇನ್ನೊಬ್ಬ ಮನೆಗೆ. ಸುಣ್ಣ ತುಳಿದರೆ ಔಟ್. ಒಂದು ಅಂಗುಲ ಮುಂದೆ ಹೋದರೂ ಔಟ್. ಹದಿನಾರು ಟ್ರ್ಯಾಕ್ಟರಿನಲ್ಲಿ ಎಂಟು, ಎಂಟರಲ್ಲಿ ನಾಲ್ಕು, ನಾಲ್ಕರಲ್ಲಿ ಎರಡು. ಮುಂದಕ್ಕೆ ಹೋಗಲು ಎಂಜಿನಿಯರರು ಮಾಡಿದ ಗಾಡಿಯನ್ನು ಹಿಂದಕ್ಕೆ ಓಡಿಸಿ ಗೆದ್ದವನಿಗೆ ಇಲ್ಲಿ ಪೇಟ ಕಟ್ಟುತ್ತಾರೆ.

ಮೊದಲ ಚೀಟಿಯೇ ಶಿವಪುತ್ರನದು. ಎದುರಾಳಿ ಅರಭಾವಿಯ ಕೇದಾರಿ. ಅವನು ಟ್ರ್ಯಾಕ್ಟರ್ ಏರುವ ಮೊದಲು ಸದಾಶಿವ ಮಾಸ್ತರರ ಮೈಕಿನ ಹತ್ತಿರ ಬಂದ.

"ಮಾಸ್ತರ, ನನ್ನ ಚೀಟಿ ಬದ್ಲಿ ಮಾಡ್ರಿ. ಗೆದ್ರ ಸತ್ತವನ ಮ್ಯಾಲ ಗೆದ್ದ ಅಂತಾರ. ಸೋತ್ರ ಸತ್ತವನ ಕೈಲೆ ಸೋತ ಅಂತಾರ. ಎರಡರಾಗೂ ನನಗ ಮರ್ಯಾದಿ ಇಲ್ಲ."

"ಮೂರನೇದು ಇಲ್ಲಲೋ ಕೇದಾರಿ. ಹೋಗಿ ಹತ್ತು."

ಕೇದಾರಿ ಹತ್ತಿದ. ಬಾವುಟ ಬಿತ್ತು. ಶಿವಪುತ್ರನ ಟ್ರ್ಯಾಕ್ಟರಿನ ಮೇಲೆ ಕುತ್ತಿಗೆ ತಿರುಗಿಸಿ ಕೂತ ಪರಶುರಾಮ ಅಣ್ಣನಷ್ಟು ಚಾಲಾಕಿಯಲ್ಲ. ಆದರೆ ಪಿನ್ನು ಗಟ್ಟಿ ಕೂತಿತ್ತು. ಟ್ರೇಲರ್ ದನ ಕೊಟ್ಟಿಗೆಗೆ ಹೋದಂತೆ ಹೋಯಿತು. ಕೇದಾರಿ ಅರ್ಧ ದಾರಿಯಲ್ಲಿ ಸುಣ್ಣ ತುಳಿದ.

"ಶಿವಪುತ್ರ ಗೆದ್ರು" ಎಂದಿತು ಮೈಕು. "ಶಿವಪುತ್ರ ಮುಂದಿನ ಸುತ್ತಿಗೆ ಹೊಂಟಾರ."

ತಾಯವ್ವ ಎರಡು ಚಪ್ಪಾಳೆ ತಟ್ಟಿ, ನೆನಪಾಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಜಲ್ ಫ್ಲೆಕ್ಸಿನ ಕಡೆ ನೋಡಿದಳು. ಗೆದ್ದ ಸಂಗತಿ ಅಲ್ಲಿಗೂ ಮುಟ್ಟಿದಂತೆ ಕಪ್ಪು ಕನ್ನಡಕ ಬಿಸಿಲಿಗೆ ಹೊಳೆಯಿತು.

ಅವಳು ಮಾಸ್ತರರ ಹತ್ತಿರ ಹೋಗಿ ಪಿನ್ನಿನ ವಿಷಯ ಹೇಳಿದಳು. ನಾಲ್ಕು ಮಂದಿ ಹಳೆಯ ಡ್ರೈವರರನ್ನು ಸುಮ್ಮನೆ ವಿಚಾರಿಸಿ ನೋಡಿ, ಗದ್ದಲ ಬೇಡ ಎಂದಳು. ಮಾಸ್ತರರು ಮೂವತ್ತು ವರ್ಷ ಸಾಲಿಯಲ್ಲಿ ಪಾಠ ಹೇಳಿದವರು. ಸುಮ್ಮನೆ ವಿಚಾರಿಸುವುದು ಅವರಿಗೆ ಗೊತ್ತಿರಲಿಲ್ಲ. ಮೈಕು ತೆಗೆದುಕೊಂಡರು.

"ಎಲ್ಲಾರೂ ಲಕ್ಷ್ಯ ಕೊಟ್ಟು ಕೇಳ್ರಿ. ಶಿವಪುತ್ರ ಅವರು ಮೂರು ವರ್ಷ ಯಾವ ಪಿನ್ನಿನ ಮ್ಯಾಲ ಗೆದ್ರೋ ಆ ಪಿನ್ನು ಅವರದಲ್ಲಂತ. ಯಾರದೋ ಇಸಗೊಂಡಿದ್ರಂತ. ಮಾಲಕರು ಬಂದು ಒಯ್ಯಬೇಕು."

ಹೊಲದಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಮೂರು ವರ್ಷ ಸೋತವರೆಲ್ಲರಿಗೂ ಒಮ್ಮೆಗೇ ಕಾರಣ ಸಿಕ್ಕಿತ್ತು. ಪರರ ಪಿನ್ನಿಗೆ ಸೋಲುವುದು ಅವಮಾನ. ತನ್ನದೇ ಪಿನ್ನು ಪರರ ಕೈಯಲ್ಲಿದ್ದು ಸೋತರೆ ಅದು ಸೋಲೇ ಅಲ್ಲ.

ಮೊದಲು ಬಂದವನು ಕೇದಾರಿ.

"ವೈನಿ, ಅದು ನಂದು. ನಾನ ಕೊಟ್ಟಿದ್ದೆ. ಈಗ ನೋಡ್ರಿ, ನನ್ನ ಪಿನ್ನಿಲೆ ನನ್ನ ಸೋಲಿಸಿದ್ರಿ."

"ಯಾವಾಗ ಕೊಟ್ಟಿದ್ರಿ?"

"ಅವಾಗ. ಮಳಿಗಾಲದಾಗ."

"ಹಂಗಾದ್ರ ನಿಮ್ಮ ಹುಕ್ಕಿಗೆ ಹಾಕಿ ತೋರಸ್ರಿ."

ಪರಶುರಾಮ ಪಿನ್ನು ಕಿತ್ತು ತಂದ. ಕೇದಾರಿಯ ಹುಕ್ಕಿನ ತೂತು ಸಾದಾ ಅಳತೆಯದು. ಪಿನ್ನಿನ ತುದಿ ಕೂಡ ಒಳಗೆ ಹೋಗಲಿಲ್ಲ. ಅವನು ಒತ್ತಿದ, ತಿರುವಿದ, ಉಫ್ ಎಂದು ಊದಿದ.

"ಬಿಸಲ ಇನ್ನೂ ಏರಿಲ್ರಿ. ಕಬ್ಬಿಣ ಕಾಯ್ದ ಮ್ಯಾಲ ಹಿಗ್ಗತೈತಿ."

"ಹಿಗ್ಗಿದ್ರ ಇನ್ನೂ ಹೋಗಂಗಿಲ್ಲ" ಎಂದಳು ಕಾಜಲ್.

"ನೀವು ಕಲ್ತಾವ್ರು. ನಾ ಏನ ಹೇಳ್ಲಿ" ಎಂದು ಕೇದಾರಿ ಹೊರಟುಹೋದ.

ಎರಡನೆಯ ಸುತ್ತಿನಲ್ಲಿ ಪರಶುರಾಮ ಭೀಮರಾಯನನ್ನು ಸೋಲಿಸಿದ. ಭೀಮರಾಯ ಟ್ರ್ಯಾಕ್ಟರಿನಿಂದ ಇಳಿದವನೇ ನೆಟ್ಟಗೆ ಕಾಜಲ್‌ಳ ಮುಂದೆ ಬಂದು ನಿಂತ. ಅವನದು ಇಪ್ಪತ್ತು ವರ್ಷದ ಹಳೆಯ ಟ್ರ್ಯಾಕ್ಟರ್. ಹುಕ್ಕಿನ ತೂತು ಸವೆದು ಸವೆದು ಬಾವಿಯಾಗಿತ್ತು. ಪಿನ್ನು ಗುಳುಂ ಎಂದು ಒಳಗೆ ಹೋಯಿತು. ಭೀಮರಾಯ ಮೀಸೆ ತಿರುವಿದ. ಕಾಜಲ್ ಪಿನ್ನಿನ ತಲೆ ಹಿಡಿದು ಅಲ್ಲಾಡಿಸಿದಳು. ದನದ ಕೊರಳ ಗಂಟೆಯ ಹಾಗೆ ಸಪ್ಪಳ ಬಂತು.

"ಸಡ್ಲ ಐತ್ರಿ ಇದು."

"ಪಿನ್ನು ಸೊರಗೈತ್ರಿ" ಎಂದ ಭೀಮರಾಯ. "ಹಿಡಿಯುವಾಂವ ಹ್ವಾದ ಮ್ಯಾಲ."

ಸುತ್ತಲಿದ್ದವರು ನಕ್ಕರು. ನಕ್ಕವರು ತಕ್ಷಣ ಕಾಜಲ್‌ಳ ಮುಖ ನೋಡಿ ನಗು ನುಂಗಿದರು. ತನ್ನ ತುಟಿಯೂ ಅರ್ಧ ಅಲುಗಿತ್ತು ಎನ್ನುವುದು ಅವಳಿಗೆ ಆಮೇಲೆ ತಿಳಿಯಿತು.

ಮೂರನೆಯ ಸುತ್ತಿನ ಹೊತ್ತಿಗೆ ಪಿನ್ನಿಗೆ ಒಂಬತ್ತು ಮಂದಿ ಮಾಲಕರಾಗಿದ್ದರು. ಓಣಿಯಲ್ಲಿ ಒಬ್ಬ ಸೋಲುತ್ತಿದ್ದ, ಇಳಿದು ಬಂದು ಇಲ್ಲಿ ಇನ್ನೊಮ್ಮೆ ಸೋಲುತ್ತಿದ್ದ. ತಾಯವ್ವ ಬೇವಿನ ನೆರಳಲ್ಲಿ ಕೂತು, ಬಂದವರ ಹೆಸರು, ಊರು, ಅವರ ತಾಯಿಯ ಹೆಸರು ಕೇಳುತ್ತ, "ನಿಮ್ಮವ್ವ ಹಿಂಗ ಸುಳ್ಳ ಹೇಳಾಕಿ ಅಲ್ಲ ಬಿಡು" ಎಂದು ಒಬ್ಬೊಬ್ಬರನ್ನೇ ಕಳಿಸುತ್ತಿದ್ದಳು.

ಪರಶುರಾಮ ಮೂರನೆಯ ಸುತ್ತನ್ನೂ ಗೆದ್ದ. "ಶಿವಪುತ್ರ ಫೈನಲಿಗೆ" ಎಂದಿತು ಮೈಕು. ಅವನು ಬೆವರು ಒರೆಸಿಕೊಳ್ಳುತ್ತ ಬಂದ.

"ಪಿನ್ನ ಗೆಲ್ಲಾಕತ್ತೈತ್ರಿ ವೈನಿ. ನಾ ಬರೇ ಕುಂತೇನಿ."

ಆಚೆ ಕಡೆಯಿಂದ ಫೈನಲಿಗೆ ಬಂದವನು ಯಲ್ಲಾರಿ. ಹುಕ್ಕೇರಿ ಕಡೆಯವನು, ಐವತ್ತರ ಆಸುಪಾಸು, ಮಾತು ಕಡಿಮೆ. ಶಿವಪುತ್ರನ ಮುಂದೆ ಸಾಲಾಗಿ ಮೂರು ಫೈನಲ್ ಸೋತವನು. ಶಿವಪುತ್ರನಿಗೆ ಸೋತವರಲ್ಲಿ ಮೈಕಿನ ಮಾತು ಕೇಳಿಯೂ ಪಿನ್ನಿನ ಹತ್ತಿರ ಬರದಿದ್ದವನು ಅವನೊಬ್ಬನೇ. ಕಾಜಲ್ ಬೆಳಗಿನಿಂದ ಅವನನ್ನು ಗಮನಿಸಿದ್ದಳು. ಪ್ರತಿ ಸುತ್ತು ಮುಗಿದ ಮೇಲೆ ಅವನು ಇಳಿದು ತನ್ನ ಪಿನ್ನು ಕೀಳುತ್ತಿದ್ದ. ಅದಕ್ಕೆ ಸುತ್ತಿದ ಸೈಕಲ್ ಟ್ಯೂಬಿನ ಪಟ್ಟಿ ಹರಿದು ಚಿಂದಿಯಾಗಿರುತ್ತಿತ್ತು. ಬಾಯಲ್ಲಿ ಹೊಸ ಪಟ್ಟಿ ಕಚ್ಚಿ ಹಿಡಿದು, ಸುತ್ತು ಸುತ್ತಾಗಿ ಬಿಗಿದು ಮತ್ತೆ ತೂತಿಗೆ ತುರುಕುತ್ತಿದ್ದ.

ಎಲ್ಲರ ಪಿನ್ನೂ ತೂತಿಗೆ ತಕ್ಕಷ್ಟು ಇದೆ, ಇವನದಕ್ಕೆ ಮಾತ್ರ ಯಾಕೆ ಅಂಗಿ ತೊಡಿಸಬೇಕು ಎಂದು ಅವಳು ಯೋಚಿಸಿದಳು. ಭೀಮರಾಯನ ಹಾಗೆ ಸವೆದ ತೂತಲ್ಲ. ಹತ್ತಿರ ಹೋಗಿ ನೋಡಿದಳು. ದುಂಡಗೆ, ನುಣ್ಣಗೆ ಕೊರೆಸಿದ ತೂತು. ಸಣ್ಣ ಪಿನ್ನಿನವನು ದೊಡ್ಡ ತೂತು ಯಾಕೆ ಕೊರೆಸುತ್ತಾನೆ? ದೊಡ್ಡ ಪಿನ್ನು ಒಂದು ಕಾಲಕ್ಕೆ ಇದ್ದವನು ಕೊರೆಸಿರುತ್ತಾನೆ.

ಅವಳು ಹೋಗಿ ಪರಶುರಾಮನ ಹುಕ್ಕಿನಿಂದ ತಾನೇ ಪಿನ್ನು ಕಿತ್ತಳು. ಶಾಲಿನಲ್ಲಿ ಹಿಡಿದುಕೊಂಡು ಮತ್ತೆ ಯಲ್ಲಾರಿಯ ಟ್ರ್ಯಾಕ್ಟರಿನ ಹಿಂದೆ ಬಂದು ನಿಂತಳು. ಅವನು ಬಾಯಲ್ಲಿ ಟ್ಯೂಬು ಕಚ್ಚಿಕೊಂಡಿದ್ದ.

"ಕಾಕಾರ, ಈ ಪಿನ್ನು ನಿಮ್ದೇನ್ರಿ?"

ಯಲ್ಲಾರಿ ಟ್ಯೂಬು ತೆಗೆದ. "ಅಲ್ಲ ಯವ್ವಾ."

"ನೋಡದನ ಅಲ್ಲ ಅಂದ್ರಲ್ಲ."

ಅವನು ಹುಕ್ಕಿಗೆ ಅಡ್ಡವಾಗಿ ನಿಂತ. ಕಾಜಲ್ ಅವನು ಸರಿಯುವವರೆಗೂ ಕಾದಳು. ಮೂರು ಕಿಲೋ ಹಿಡಿದು ನಿಂತ ಹೆಂಗಸನ್ನು ಬಹಳ ಹೊತ್ತು ಕಾಯಿಸುವುದು ಅವನಿಂದ ಆಗಲಿಲ್ಲ. ಸರಿದ. ಅವಳು ಶಾಲನ್ನು ಹುಕ್ಕಿನ ಪಕ್ಕಕ್ಕಿಟ್ಟು, ಪಿನ್ನನ್ನು ತೂತಿನ ಮೇಲಿಟ್ಟು ಕೈ ಬಿಟ್ಟಳು. ಅದು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಿತು. ಅಲ್ಲಾಡಿಸಿದಳು. ಅಲುಗಲಿಲ್ಲ.

ಗುಂಪು ಕೂಡಿತ್ತು. ಯಲ್ಲಾರಿ ಟವೆಲಿನಿಂದ ಮುಖ ಒರೆಸಿಕೊಂಡ.

"ಮೂರು ವರ್ಷದ ಹಿಂದ ನಿಡಸೋಸ್ಯಾಗ ಶರ್ಯತ್ತು ಇತ್ತು. ಫೈನಲ್ ಮುಂದ ನಿನ್ನ ಗಂಡನ ಪಿನ್ನು ಬಾಗಿತು. ಟ್ರೇಲರಿಗೆ ಸರಪಳಿ ಕಟಗೊಂಡು ಬರ್ತೀನಿ ಅಂತಿದ್ದ, ಹುಚ್ಚ. ನನ್ನ ಹಂತ್ಯಾಕ ಎರಡು ಪಿನ್ನು ಇದ್ವು. ದಪ್ಪಂದು ಅವಗ ಕೊಟ್ಟೆ."

"ದಪ್ಪಂದು ಯಾಕ ಕೊಟ್ರಿ ಕಾಕಾ" ಎಂದ ಪರಶುರಾಮ, ನಿಜವಾಗಿ ನೊಂದು.

"ಅವನ ತೂತು ಹರಿದಿತ್ತಪಾ. ಸಣ್ಣದು ನಿಲ್ತಿರಲಿಲ್ಲ. ಅವತ್ತ ಗೆದ್ದ. ಗೆದ್ದಾಂವ ತಂದು ಕೊಡಾಕ ಬಂದ. ನನಗೂ ಸೊಕ್ಕು. 'ಇಟಗೋ, ಮುಂದಿನ ಸಲ ಗೆದ್ದು ಇಸಗೋತೀನಿ' ಅಂದೆ." ಯಲ್ಲಾರಿ ನೆಲ ನೋಡಿದ. "ಆಮ್ಯಾಲ ಗೆಲ್ಲಾಕ ಆಗಲಿಲ್ಲ."

"ಎಲ್ಲಾರೂ ಬಂದು ಕೇಳಿದ್ರು. ನೀವ್ಯಾಕ ಕೇಳಲಿಲ್ರಿ?"

"ಫೈನಲ್ ಮುಂದ ಇಟಗೊಂಡು ಪಿನ್ನು ಕೇಳಿದ್ರ ಜನ ಏನಂತಾರ ಯವ್ವಾ? ಸೋತ ಮ್ಯಾಲ ಕೇಳಿದ್ರ ಏನಂತಾರ? ಇಂದ ಗೆದ್ರ ಒಯ್ತೀನಿ. ಇಲ್ಲಂದ್ರ ನಿಮ್ಮ ಹುಕ್ಕಿನ್ಯಾಗ ಇರಲಿ."

ಪರಶುರಾಮ ಕಾಜಲ್‌ಳನ್ನು ಪಕ್ಕಕ್ಕೆ ಕರೆದ.

"ವೈನಿ, ಅರ್ಧಾ ತಾಸು ತಡೀರಿ. ಅವರ ಹೇಳಾಕತ್ತಾರ, ಗೆದ್ರ ಒಯ್ತೀನಿ ಅಂತ. ಅಣ್ಣನ ಹೆಸರ ಮ್ಯಾಲ ನಾಕನೇ ಕಪ್ ಬರತೈತ್ರಿ. ಕಡೀದು. ಫೈನಲ್ ಆದ ಕೂಡ್ಲೆ ಪಿನ್ನು ನಾನ ತಂದು ಅವರ ಕೈಯಾಗ ಇಡ್ತೀನಿ. ಈಗ ಕೊಟ್ರ ನಮಗ ಕಟ್ಟಾಕ ಪಿನ್ನ ಇಲ್ಲ. ಅವರಿಗೆ ದಪ್ಪ ಪಿನ್ನು, ನಮಗ ಸೋಲು."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅರ್ಧ ತಾಸು ಏನು ದೊಡ್ಡದು. ದವಾಖಾನೆಯ ಆ ಎರಡು ತಾಸಿನಲ್ಲಿ ಅರ್ಧ ತಾಸು ಯಾರಾದರೂ ಕೊಡುತ್ತೇನೆಂದಿದ್ದರೆ ಅವಳು ಕಾಲು ಹಿಡಿಯುತ್ತಿದ್ದಳು. ಅವಳು ಅತ್ತೆಯ ಕಡೆ ನೋಡಿದಳು.

"ನನ್ನ ಏನ ಕೇಳ್ತಿ" ಎಂದಳು ತಾಯವ್ವ. "ಮೂರು ಕಪ್ ಅದಾವ. ಒಂದರಾಗ ಉಪ್ಪು ಹಾಕೇನಿ, ಒಂದರಾಗ ಹುಣಸಿಹಣ್ಣು. ಮೂರನೇದು ಖಾಲಿನ ಐತಿ."

ಕಾಜಲ್ ತಿರುಗಿ ಯಲ್ಲಾರಿಯ ಹತ್ತಿರ ಬಂದಳು. ಅವನು ಆಗಲೇ ಪಿನ್ನನ್ನು ಹುಕ್ಕಿನಿಂದ ಎತ್ತಿ, ಶಾಲಿನ ಮೇಲೆ ಜೋಪಾನವಾಗಿ ಮಲಗಿಸಿ ಅವಳಿಗೇ ಮರಳಿ ಚಾಚಿದ್ದ. ಅವಳು ತೆಗೆದುಕೊಂಡಳು.

"ಕಾಕಾರ, ಗೆದ್ದು ಇಸಗೋಬೇಕು ಅಂತ ನೀವು ಅವರಿಗೆ ಹೇಳಿದ್ರಿ. ಅದು ನಿಮ್ಮ ಅವರ ಮಾತು. ನನಗ ಅವರು ಕೊಟ್ಟ ಬಿಡು ಅಂದಾರ. ಸೋತ್ರ ಕೊಡು ಅಂದಿಲ್ಲ, ಗೆದ್ರ ಇಟಗೋ ಅಂದಿಲ್ಲ."

"ಮತ್ತ ನೀವು ಏನ ಕಟಗೋತೀರಿ?"

"ಅದನ್ನ ಅವರು ಹೇಳಿಲ್ಲ."

ಯಲ್ಲಾರಿ ಟ್ಯೂಬು ಸುತ್ತಿದ ತನ್ನ ಸಣ್ಣ ಪಿನ್ನನ್ನು ಪರಶುರಾಮನ ಕೈಗೆ ಕೊಟ್ಟ. ಕಿಸೆಯಿಂದ ಉಳಿದ ಟ್ಯೂಬಿನ ಪಟ್ಟಿಗಳನ್ನೂ ತೆಗೆದುಕೊಟ್ಟ.

"ಜಗ್ಗಿ ಸುತ್ತು. ಮೂರು ಸುತ್ತು ಸಾಲಂಗಿಲ್ಲ, ಐದು ಹಾಕು. ಎಡಕ್ಕ ತುಸು ಜಗ್ಗತೈತಿ, ಸ್ಟೇರಿಂಗ್ ಮೊದಲ ಅಳತೀಲೆ ಹಿಡಿ. ನಾ ಇದರ ಮ್ಯಾಲ ಮೂರು ಫೈನಲಿಗೆ ಬಂದೇನಿ, ಕೆಟ್ಟದ್ದಲ್ಲ."

"ಇಸಗೊಂಡಂಗ ಆತಲ್ರಿ ಮತ್ತ" ಎಂದ ಪರಶುರಾಮ ಗಾಬರಿಯಿಂದ.

"ಇಸಗೊಂಡಂಗ ಆತು. ಸಂಜಿಕ ಕೊಡು."

"ಸಂಜಿಕ ಕೊಡ್ತಾನ" ಎಂದು ತಾಯವ್ವ ಕೂತಲ್ಲಿಂದಲೇ ಹೇಳಿದಳು. "ಎಲ್ಲಾರೂ ಕೇಳಿಸ್ಕೊಳ್ರಿ. ಆ ಟ್ಯೂಬ್ ಸುತ್ತಿದ್ದು ಯಲ್ಲಾರಿದು. ನಾಳೆ ಇವಗ ಏನರ ಆದ್ರ ಮತ್ತ ಹುಡಕಾಕ ನನ್ನ ಕೈಲೆ ಆಗಂಗಿಲ್ಲ."

ಮೈಕು ಕೆಮ್ಮಿತು. ಮಾಸ್ತರರಿಗೆ ಅಲ್ಲಿಂದ ಈ ಗುಂಪಿನಲ್ಲಿ ಏನು ನಡೆದಿದೆ ಎಂದು ಕಾಣುತ್ತಿರಲಿಲ್ಲ.

"ಶಿವಪುತ್ರ ಎಲ್ಲಿದ್ರೂ ಲಗೂನ ಗೆರಿಗೆ ಬರಬೇಕು. ಶಿವಪುತ್ರ ಎಲ್ಲಿದ್ರೂ ಲಗೂನ ಬರಬೇಕು. ಎರಡನೇ ಸಲ ಕರಿಯಾಕತ್ತೇನಿ. ಮೂರನೇ ಸಲಕ್ಕ ಬರದಿದ್ರ ಔಟ್."

ಯಾರೂ ನಗಲಿಲ್ಲ. ಪರಶುರಾಮ ಟ್ಯೂಬು ಬಾಯಲ್ಲಿ ಕಚ್ಚಿಕೊಂಡು ಟ್ರ್ಯಾಕ್ಟರಿನ ಕಡೆ ಓಡಿದ. ಕಾಜಲ್ ಹೊಲದ ಬಾಯಿಯ ಫ್ಲೆಕ್ಸನ್ನು ಒಮ್ಮೆ ನೋಡಿದಳು. ಗಾಳಿಗೆ ಅದು ಉಬ್ಬಿ, ಮತ್ತೆ ಚಪ್ಪಟೆಯಾಯಿತು. ಅವಳ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. ಬಿಸಿಲೇ ಇರಬೇಕು ಎಂದುಕೊಂಡು ಅವಳು ಒರೆಸಿಕೊಳ್ಳಲಿಲ್ಲ. ಕೈ ಖಾಲಿ ಇರಲಿಲ್ಲ.

ಶಾಲನ್ನು ಬಿಚ್ಚಿ, ಪಿನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ತಗೋರಿ ಕಾಕಾರ."

ಯಲ್ಲಾರಿ ತಲೆಯ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು, ಎರಡೂ ಕೈ ಚಾಚಿ ತೆಗೆದುಕೊಂಡ.